ಹಿತ್ತಲ ಗೋಡೆಯ ಗೌಡ

ಮೂಡಲಗಿಯಲ್ಲಿ ನನ್ನನ್ನು ಓತಿಕ್ಯಾತ ಸಾಕಿದವಳು ಎಂದು ಕರೆಯುತ್ತಿದ್ದರು. ನನ್ನ ಓರಿಗೆಯವರು ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ, ಅವರು ಈಗಲೂ ಹಾಗೇ ಕರೆಯುತ್ತಾರೆ. ಕರೆಯಲಿ. ಎಮ್ಮೆ ಸಾಕಿದವರನ್ನೂ ಗಿಳಿ ಸಾಕಿದವರನ್ನೂ ಯಾರೂ ಹೀಗೆ ಹೆಸರಿಟ್ಟು ಆಡಿಕೊಳ್ಳುವುದಿಲ್ಲ. ನಾನು ಸಾಕಿದ್ದು ಓತಿಕ್ಯಾತ, ಅದೂ ಎರಡು, ಒಂದು ಗಂಡು ಒಂದು ಹೆಣ್ಣು. ಅವುಗಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂಬುದು ನಮ್ಮ ಮನೆಯಲ್ಲಿ ಮೊದಲು ಸರಿಯಾಗಿ ಗೊತ್ತಾದದ್ದು ನನಗೇ. ಹಾಗೆ ಗೊತ್ತಿದ್ದದ್ದಕ್ಕೆ ಕೆನ್ನೆಗೆ ಏಟು ತಿಂದಿದ್ದೇನೆ. ಏಟು ತಿಂದ ಬೇಸರ ನನಗಿಲ್ಲ, ಹೊಡೆದ ಕೈಯ ಮೇಲಿನ ಸಿಟ್ಟು ಮಾತ್ರ ಪೂರ್ತಿ ಇಳಿದಿಲ್ಲ, ಇಳಿಯಬೇಕೆಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ನಮ್ಮದು ಅಗಲಕ್ಕಿಂತ ಉದ್ದಕ್ಕೆ ಬೆಳೆದ ಮನೆ. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ, ಆಮೇಲೆ ಹಗಲಲ್ಲೂ ಮಬ್ಬಾಗಿರುವ ನಡುಮನೆ, ಅದರ ಹಿಂದೆ ಅಡಿಗೆಮನೆ, ಕೊನೆಗೆ ಹಿತ್ತಲು. ಪಡಸಾಲೆಗೂ ನಡುಮನೆಗೂ ನಡುವಿನ ಹೊಸ್ತಿಲ ಪಕ್ಕ ಕಂಬಕ್ಕೆ ಒರಗಿ ಅಪ್ಪನ ತಾಯಿ ಕೂರುತ್ತಿದ್ದಳು. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ಅಲ್ಲಿ ಕೂತರೆ ಮುಂಬಾಗಿಲಿಗೆ ಬಂದವರೂ ಕಾಣುತ್ತಿದ್ದರು, ಅಡಿಗೆಮನೆಯಲ್ಲಿ ಯಾರ ಕೈ ಯಾವ ಗಡಿಗೆಗೆ ಹೋಯಿತೆಂಬುದೂ ಕಾಣುತ್ತಿತ್ತು. ಹಾಲು ತುಪ್ಪ ಇಡುವ ಕಪಾಟಿನ ಕೀಲಿ ಆಯಿಯ ಸೊಂಟದಲ್ಲಿ. ಮೊದಲು ಅಪ್ಪನ ಊಟ, ಅಪ್ಪ ಉಂಡ ಮೇಲೆ ಆಯಿ, ಆಯಿ ಕೈ ತೊಳೆದ ಮೇಲೆ ಅವ್ವ ಮತ್ತು ನಾವು ಮೂರು ಹೆಣ್ಣುಮಕ್ಕಳು. ಅಪ್ಪನ ಬಿಸಿರೊಟ್ಟಿಯ ಮೇಲೆ ತುಪ್ಪ ಬೀಳುತ್ತಿತ್ತು. ನಮ್ಮ ಪಾಲಿಗೆ ಬರುವಾಗ ರೊಟ್ಟಿ ಆರಿ ಖಡಕ್ಕಾಗಿರುತ್ತಿತ್ತು, ಜೊತೆಗೆ ಶೇಂಗಾ ಹಿಂಡಿ ಎನ್ನುವ ಒಣ ಚಟ್ನಿ, ನೀರು ಮಜ್ಜಿಗೆ. ಇಲ್ಲದ ಮನೆಯೇನಲ್ಲ ನಮ್ಮದು. ಸ್ವಂತ ಹೊಲವಿತ್ತು, ಅಪ್ಪ ಗೋಕಾಕದ ಪೇಟೆಗೆ ಹತ್ತಿಯ ಗಾಡಿ ಹೊಡೆಯುತ್ತಿದ್ದ, ಎರಡು ಎಮ್ಮೆ ಹಾಲು ಕೊಡುತ್ತಿದ್ದವು. ಇಲ್ಲದೆ ಕೊಡದಿದ್ದರೆ ಅದು ಬೇರೆ ಮಾತು, ಇಟ್ಟುಕೊಂಡು ಕೊಡುತ್ತಿರಲಿಲ್ಲ. ನಾನು ಹಿರಿಯಳು, ನೀಲವ್ವ. ನಡುವಿನವಳು ಪಾರವ್ವ. ಮೂರನೆಯವಳಿಗೆ ಆಯಿಯೇ ಸಾಕವ್ವ ಎಂದು ಹೆಸರಿಟ್ಟಿದ್ದಳು, ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಸುವ ರೀತಿ ಅದು. ದೇವರಿಗೆ ತಿಳಿಯಿತೋ ಇಲ್ಲವೋ, ಆ ಕೂಸಿಗೆ ಮಾತ್ರ ತೊಟ್ಟಿಲಲ್ಲಿದ್ದಾಗಲೇ ತಿಳಿದಿತ್ತೆಂದು ನನಗೆ ಅನ್ನಿಸುತ್ತದೆ. ಆಕೆ ಅತ್ತದ್ದೇ ಕಡಿಮೆ.

ಓತಿಕ್ಯಾತಗಳು ನನ್ನ ಕೈಗೆ ಬಂದದ್ದು ನಮ್ಮ ಓಣಿಯ ಹುಡುಗರಿಂದ. ಬೇಸಿಗೆ ಬಂದರೆ ಅವರಿಗೆ ಅದೇ ಆಟ. ಉದ್ದನೆಯ ಕಡ್ಡಿಯ ತುದಿಗೆ ದಾರದ ಕುಣಿಕೆ ಕಟ್ಟಿ, ಬೇಲಿಯ ಮೇಲೆ ಬಿಸಿಲು ಕಾಯುತ್ತ ಕೂತ ಓತಿಕ್ಯಾತದ ಕೊರಳಿಗೆ ಹಾಕಿ ಎಳೆಯುತ್ತಿದ್ದರು. ಆಮೇಲೆ ಅದರ ಬಾಯಿಗೆ ತಂಬಾಕು ತುರುಕಿದರೆ ಅದು ತಲೆ ತಿರುಗಿ ಗಿರಗಿರ ಸುತ್ತುತ್ತಿತ್ತು, ಇವರು ಸುತ್ತ ನಿಂತು ನಗುತ್ತಿದ್ದರು. ಕೊನೆಗೆ ಕಲ್ಲು. ಯಾಕೆ ಕೊಲ್ಲುತ್ತೀರಿ ಎಂದರೆ, ಅದು ದೂರದಿಂದಲೇ ಮನುಷ್ಯರ ರಕ್ತ ಹೀರುತ್ತದೆ, ಅದಕ್ಕೇ ಗಂಟಲು ಕೆಂಪಾಗಿದೆ ಎನ್ನುತ್ತಿದ್ದರು. ನನಗಾಗ ಹತ್ತೋ ಹನ್ನೊಂದೋ. ಒಂದು ದಿನ ಅವರ ಕಡ್ಡಿ ಕಸಿದುಕೊಂಡೆ, ಬಿಡಿಸಿಕೊಳ್ಳಲು ಬಂದವನ ಕೈ ಕಚ್ಚಿದೆ, ಕೆಂಪು ಗಂಟಲಿನದೊಂದು, ಬೂದು ಬಣ್ಣದ್ದೊಂದು, ಎರಡನ್ನೂ ಉಟ್ಟಿದ್ದ ಪರಕಾರದ ಮಡಿಲಿಗೆ ಹಾಕಿಕೊಂಡು ಮನೆಗೆ ಬಂದೆ. ಮೊದಲು ಸೊಂಟಕ್ಕೆ ಸಡಿಲಾಗಿ ದಾರ ಕಟ್ಟಿ ಹಿತ್ತಲ ಬಾರಿಗಿಡಕ್ಕೆ ಕಟ್ಟಿದ್ದೆ. ದಿನಾ ಮಿಡತೆ, ಇರುವೆ, ಸಗಣಿಯಲ್ಲಿನ ಹುಳ ಹಿಡಿದು ಹಾಕಿದೆ. ಒಂದು ವಾರ ಕಳೆದ ಮೇಲೆ ದಾರ ಬಿಚ್ಚಿದರೂ ಅವು ಎಲ್ಲಿಗೂ ಹೋಗಲಿಲ್ಲ. ಮಿಡತೆ ಹಿಡಿದು ನಿಂತರೆ ಮಣ್ಣಿನ ಗೋಡೆಯ ಮೇಲಿಂದ ಇಳಿದು ಬಂದು ನನ್ನ ಬೆರಳಿನಿಂದಲೇ ಕಿತ್ತುಕೊಂಡು ತಿನ್ನುತ್ತಿದ್ದವು. ಆಯಿ ಮಾತ್ರ ಮುಖ ಗಂಟು ಹಾಕಿದಳು.

"ಹೆಣ್ಣ ಹುಡುಗಿ ಓತಿಕ್ಯಾತ ಮುಟ್ಟೂದಂದ್ರ ಏನ ಇದು? ನಾಳೆ ನಿನ್ನ ಯಾರ್ ಮಾಡ್ಕೋತಾರ?"

"ಮುಟ್ಟಿದ್ದನ್ನ ಯಾರ್ ಹೇಳಾಕ ಹೋಗ್ತಾರ ಆಯೀ?"

"ನಿನ್ನ ನಾಲಗಿನ ಹೇಳತೈತಿ."

ಅದೇ ಬೇಸಿಗೆಯಲ್ಲಿ ಅವ್ವ ನಾಲ್ಕನೆಯ ಬಾರಿ ಬಸುರಿ ಎಂದು ಎಲ್ಲರಿಗೂ ಗೊತ್ತಾಯಿತು. ಗೊತ್ತಾದದ್ದೇ ಮನೆಯಲ್ಲಿ ಇನ್ನೊಂದು ಮಾತೂ ಶುರುವಾಯಿತು. ಆಯಿಯ ತಮ್ಮ ಹುಕ್ಕೇರಿಯಲ್ಲಿದ್ದ, ನಾವು ಅವನನ್ನು ಹುಕ್ಕೇರಿ ಮುತ್ಯಾ ಎನ್ನುತ್ತಿದ್ದೆವು. ಅವನ ಕೊನೆಯ ಮಗಳು ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು, ಆಕೆಯನ್ನು ಅಪ್ಪನಿಗೆ ಎರಡನೆಯ ಹೆಂಡತಿಯಾಗಿ ತರುವುದು ಎಂಬ ಮಾತು. ಸೋದರಮಾವನ ಮಗಳು, ಹೊರಗಿನವಳಲ್ಲ, ಗಂಡು ಹಡೆದರೆ ಮನೆ ಉಳಿಯುತ್ತದೆ. ಇದನ್ನೆಲ್ಲ ಆಯಿ ಗುಟ್ಟಾಗಿ ಏನೂ ಆಡುತ್ತಿರಲಿಲ್ಲ, ಅವ್ವ ಜೋಳ ಬೀಸುತ್ತ ಕೂತಾಗಲೇ ಬೀಸುವ ಸದ್ದಿನ ಮೇಲೆ ದನಿ ಎತ್ತಿ ಆಡುತ್ತಿದ್ದಳು. ಆಗಿನ ಕಾಲದಲ್ಲಿ ಅದು ಯಾರಿಗೂ ತಪ್ಪಾಗಿಯೂ ಕಾಣುತ್ತಿರಲಿಲ್ಲ. ಎರಡನೆಯವಳು ಬಂದ ಮನೆಗಳಲ್ಲಿ ಮೊದಲನೆಯವಳು ಎಲ್ಲಿ ಮಲಗುತ್ತಾಳೆ, ಯಾರ ತಾಟಿನಲ್ಲಿ ಉಳಿದದ್ದನ್ನು ಉಣ್ಣುತ್ತಾಳೆ ಎಂಬುದನ್ನು ನಾನು ನಮ್ಮ ಓಣಿಯಲ್ಲೇ ನೋಡಿದ್ದೆ. ಅವ್ವ ಹಾಗೆ ಕೊಟ್ಟಿಗೆಯ ಬಾಜೂ ಮಲಗುವುದನ್ನು ನೆನೆದು ನನಗೆ ಭಯವಾಗುತ್ತಿತ್ತು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಅಪ್ಪ ಒಳ್ಳೆಯವನು, ಅಂದರೆ ತಾಯಿಯ ಎದುರೂ ಬಾಯಿ ಬಿಡುತ್ತಿರಲಿಲ್ಲ, ಹೆಂಡತಿಯ ಎದುರೂ ಬಾಯಿ ಬಿಡುತ್ತಿರಲಿಲ್ಲ, ರುಮಾಲು ಸರಿಮಾಡಿಕೊಂಡು ಎತ್ತು ಬಿಚ್ಚಲು ಹೋಗುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಕೂತು ಮೊಸರು ಕಡೆಯುತ್ತಿದ್ದಳು. ನನ್ನ ಬೂದು ಬಣ್ಣದ ಓತಿಕ್ಯಾತ ಗೋಡೆ ಇಳಿದು ಬಂದು ಆಕೆಯ ಎದುರಿನ ಒರಳುಕಲ್ಲಿನ ಮೇಲೆ ಕೂತಿತು. ಅದಕ್ಕೆ ಹೊಟ್ಟೆ ದಪ್ಪ, ಕೂತಲ್ಲಿಂದ ಅಲ್ಲಾಡುವುದಿಲ್ಲ, ಕಣ್ಣು ಅರೆ ಮುಚ್ಚಿಕೊಂಡು ಎಲ್ಲರನ್ನೂ ನೋಡುತ್ತದೆ. ಆಯಿ ಬಂದು ನೋಡಿದಳು, ನಿಂತಳು, ಸೆರಗು ಸರಿಮಾಡಿಕೊಂಡಳು.

"ನೋಡ ಹೆಂಗ ಕುಂತಾನ, ಗೌಡ ಚಾವಡ್ಯಾಗ ಕುಂತಂಗ. ಗುರವ್ವಾ, ಗಂಡು ಬಂದು ನಿನ್ನ ಮುಂದ ಕುಂತೈತಿ. ಈ ಸಲ ಗಂಡು ಕೂಸನ."

ಗುರವ್ವ ನನ್ನ ಅವ್ವನ ಹೆಸರು. ಅವತ್ತಿನಿಂದ ಬೂದು ಬಣ್ಣದ್ದಕ್ಕೆ ಗೌಡ ಎಂಬ ಹೆಸರು ಬಿತ್ತು, ಕೆಂಪು ಗಂಟಲಿನದಕ್ಕೆ ಕೆಂಪವ್ವ. ಆಯಿಯ ಲೆಕ್ಕ ಆಕೆಗೆ ಸರಿಯಾಗೇ ಇತ್ತು. ಕೊರಳಲ್ಲಿ ಕೆಂಪು ಇದ್ದದ್ದು ಮುತ್ತೈದೆ, ಕುಂಕುಮದ ಬಣ್ಣ ಹೆಣ್ಣಿಗಲ್ಲದೆ ಯಾರಿಗೆ. ದಿನವಿಡೀ ಕತ್ತು ಕುಣಿಸುತ್ತ, ಗೋಡೆಯ ಆಚೆಯವರೊಂದಿಗೆ ಕಾಲು ಕೆರೆದು ಜಗಳ ತೆಗೆಯುವುದು ಹೆಣ್ಣು. ಹೊಟ್ಟೆ ಬಿಟ್ಟುಕೊಂಡು, ಬಣ್ಣಗಿಣ್ಣದ ಗೊಡವೆಯಿಲ್ಲದೆ, ಮಾತಿಲ್ಲದೆ ಗಟ್ಟಿಯಾಗಿ ಕೂರುವುದು ಗಂಡು. ತಾನು ಕಂಡ ಗಂಡಸರನ್ನೂ ಹೆಂಗಸರನ್ನೂ ಆಯಿ ಆ ಎರಡು ಪ್ರಾಣಿಗಳಲ್ಲಿ ಕಂಡಿದ್ದಳು, ಅಷ್ಟೇ. ಎಮ್ಮೆಯ ಕರು ಹುಟ್ಟಿದ ಕೂಡಲೇ ಬಾಲ ಎತ್ತಿ ನೋಡಿ ಹೇಳುವ ಹೆಂಗಸು, ಓತಿಕ್ಯಾತವನ್ನು ಮಾತ್ರ ಹತ್ತಿರ ಹೋಗಿ ನೋಡಲಿಲ್ಲ.

ನಾನು ನೋಡಿದ್ದೆ. ಶಾಲೆ ಗೀಲೆ ನನಗಿರಲಿಲ್ಲ, ಇದ್ದದ್ದು ಆ ಗೋಡೆ. ಕೆಂಪಾದದ್ದರ ದವಡೆ ಎರಡೂ ಕಡೆ ಉಬ್ಬಿ, ಬಾಯಲ್ಲಿ ಬೆಲ್ಲದ ಉಂಡೆ ಇಟ್ಟುಕೊಂಡಂತೆ ಕಾಣುತ್ತಿತ್ತು. ತಲೆ ಅಗಲ, ಬೆನ್ನಿನ ಮೇಲಿನ ಮುಳ್ಳಿನ ಸಾಲು ಎತ್ತರ, ಬಾಲದ ಬುಡ ದಪ್ಪ. ಬೂದು ಬಣ್ಣದ್ದರ ಮುಖ ಸಣ್ಣದು, ಬಾಲದ ಬುಡ ತೆಳ್ಳಗೆ, ಬೆನ್ನಿನ ಎರಡೂ ಅಂಚಿಗೆ ಮಾಸಿದ ಬಿಳಿ ಪಟ್ಟಿ. ಬೇಲಿಯಿಂದ ಇನ್ನೊಂದು ಕೆಂಪಾದದ್ದು ಬಂದರೆ ನಮ್ಮ ಕೆಂಪಾದದ್ದು ಮುಂಗಾಲು ಊರಿ ಮೇಲೆ ಕೆಳಗೆ ಆಡಿ, ಗಂಟಲು ಉಬ್ಬಿಸಿ, ಹೋಗಿ ಕಚ್ಚಿ ಓಡಿಸುತ್ತಿತ್ತು. ಬೂದು ಬಣ್ಣದ್ದು ಬಂದರೆ ಕಚ್ಚುತ್ತಿರಲಿಲ್ಲ, ಎದುರು ನಿಂತು ಗೋಣು ಹಾಕುತ್ತಿತ್ತು, ಬಣ್ಣ ಇನ್ನಷ್ಟು ಏರಿಸಿಕೊಳ್ಳುತ್ತಿತ್ತು, ಸುತ್ತ ಸುಳಿಯುತ್ತಿತ್ತು. ಒಮ್ಮೆ ಅದರ ಕೊರಳು ಹಿಡಿದು ಮೇಲೆ ಹತ್ತಿದ್ದನ್ನೂ ನೋಡಿದೆ. ಹೋರಿ ಆಕಳ ಮೇಲೆ ಹತ್ತುವುದನ್ನು ನೋಡಿ ಬೆಳೆದ ಮಕ್ಕಳಿಗೆ ಮೇಲಿನದು ಯಾವುದು ಕೆಳಗಿನದು ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಗೌಡನ ಹೊಟ್ಟೆ ದಿನದಿನಕ್ಕೆ ದಪ್ಪವಾಗುತ್ತಿತ್ತು, ಬೆರಳಿಟ್ಟರೆ ಒಳಗೆ ಸಣ್ಣ ಸಣ್ಣ ಗಂಟು ಸಿಗುತ್ತಿದ್ದವು. ನಾನು ನೇರ ಹೋಗಿ ಆಯಿಗೆ ಹೇಳಿದೆ.

"ಆಯೀ, ಗೌಡ ಗಂಡಲ್ಲ. ಹೆಣ್ಣ ಅದು. ಬಸರ ಐತಿ. ಕೆಂಪವ್ವ ಗಂಡು."

"ಮುಚ್ಚ ಬಾಯಿ. ಕೆಂಪ ಬಣ್ಣದ್ದು ಗಂಡ ಹೆಂಗ ಆಗತೈತಿ?"

"ಅಪ್ಪನ ರುಮಾಲ ಕೆಂಪ ಐತಲ್ಲ. ಅಪ್ಪ ಹೆಣ್ಣೇನ?"

ಆಯಿ ಕೈಗೆ ಸಿಕ್ಕ ಬೀಸಣಿಗೆ ಎಸೆದಳು, ನಾನು ತಪ್ಪಿಸಿಕೊಂಡೆ. ಸಂಜೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡಳು. ಆಕೆ ಸಿಟ್ಟಾಗಿರಲಿಲ್ಲ. ರೊಟ್ಟಿ ಬಡಿಯುತ್ತಲೇ, ಹೊಸ್ತಿಲ ಕಡೆ ಒಂದು ಕಣ್ಣಿಟ್ಟು, ಮೆಲ್ಲಗೆ ಹೇಳಿದಳು.

"ಅವರು ಗೌಡ ಅಂದ್ರ ನೀನೂ ಗೌಡ ಅನ್ನು."

"ಅದು ಖರೆ ಅಲ್ಲವ್ವಾ."

"ಗೊತ್ತೈತಿ. ನಾನೂ ನೋಡೇನಿ. ಗಂಡು ಬಂದೈತಿ ಅಂತ ಹುಕ್ಕೇರಿಗೆ ತಡೀರಿ ಅಂತ ಹೇಳಿ ಕಳಸ್ಯಾರ. ನನಗ ದಿನಾ ಹಾಲು ಕೊಡಾಕತ್ತಾರ. ಆ ಹಾಲಿನಾಗ ಅರ್ಧಾ ನಿಮ್ಮ ಹೊಟ್ಟಿಗಿ ಬರಾಕತ್ತೈತಿ. ಹಡಿಯೂತನಕ ಸುಮ್ಕಿರು, ನೀಲಾ."

ನಾನು ಸುಮ್ಮನಾದೆ. ಜೀವನದಲ್ಲಿ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು ಬಹಳ ಕಡಿಮೆ, ಅದರಲ್ಲಿ ಅದೊಂದು. ಆಯಿ ನೀರಿಗೆ ಬಂದವರಿಗೆ, ಭಿಕ್ಷಕ್ಕೆ ಬಂದ ಅಯ್ಯನವರಿಗೆ, ಸೀರೆ ತಂದ ನೇಕಾರನಿಗೆ ಎಲ್ಲರಿಗೂ ಗೌಡನ ಸುದ್ದಿ ಹೇಳಿದಳು. ನನ್ನನ್ನೇ ಕರೆದು "ಗೌಡಗ ಮಿಡತಿ ಹಾಕಿದೇನ?" ಎಂದು ಕೇಳುವಷ್ಟು ಬದಲಾದಳು. ಹೆಣ್ಣು ಎಂದು ತಿಳಿದಿದ್ದರೆ ಕಲ್ಲೆತ್ತಿ ಹಾಕುತ್ತಿದ್ದ ಅದೇ ಪ್ರಾಣಿಗೆ, ಗಂಡು ಎಂದು ತಿಳಿದದ್ದಕ್ಕೆ ಉಪಚಾರ ನಡೆಯಿತು. ನನ್ನ ಅವ್ವನಿಗೆ ನಡೆಯುತ್ತಿದ್ದದ್ದೂ ಅದೇ. ಆಕೆ ಕುಡಿಯುತ್ತಿದ್ದ ಹಾಲು ಆಕೆಯದಾಗಿರಲಿಲ್ಲ, ಹೊಟ್ಟೆಯೊಳಗಿನ ಗಂಡಿನದು. ಅದನ್ನು ನೋಡಿ ನನ್ನ ಮೈ ಉರಿಯುತ್ತಿತ್ತು, ಆದರೂ ಅರ್ಧ ಲೋಟ ಹಾಲಿಗೆ ಪಾರವ್ವ ಸಾಕವ್ವ ಇಬ್ಬರೂ ಒಲೆಯ ಹಿಂದೆ ಕಾದು ಕೂರುವುದನ್ನೂ ನೋಡುತ್ತಿದ್ದೆ.

ಮೃಗಶಿರ ಮಳೆ ಒಂದೆರಡು ಬಿದ್ದು ನೆಲ ಮೆತ್ತಗಾದಾಗ ಹುಕ್ಕೇರಿ ಮುತ್ಯಾ ಬಂದ. ಘಟಪ್ರಭಾ ಸ್ಟೇಷನ್ನಿನ ಹತ್ತಿರ ಯಾವುದೋ ಎತ್ತಿನ ವ್ಯವಹಾರವಿತ್ತಂತೆ, ಹಾಗೇ ಅಕ್ಕನನ್ನು ನೋಡಿ ಹೋಗೋಣ ಎಂದು ಬಂದೆ ಎಂದ. ಯಾರೂ ನಂಬಲಿಲ್ಲ. ದೊಡ್ಡ ಮೀಸೆ, ದೊಡ್ಡ ನಗು, ಮನುಷ್ಯ ಕೆಟ್ಟವನೇನಲ್ಲ. ಮಗಳಿಗೆ ವಯಸ್ಸಾಗುತ್ತಿದೆ, ಕೊಡುವುದಾದರೆ ಕೊಡುತ್ತೇನೆ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇನೆ ಎಂದು ಉಂಡು ಎದ್ದ ಮೇಲೆ ಹೇಳಿದ. ಆಯಿ ಅವನನ್ನು ಕೈ ಹಿಡಿದು ಎಬ್ಬಿಸಿದಳು.

"ಬಾ ತಮ್ಮಾ, ನಮ್ಮ ಗೌಡನ್ನ ತೋರಸ್ತೇನಿ. ನೋಡಿದ ಮ್ಯಾಲ ನೀನ ಹೇಳು, ಇನ್ನ ಎರಡ ತಿಂಗಳ ತಡಿಬೇಕೋ ಬ್ಯಾಡೋ."

ಎಲ್ಲರೂ ಹಿತ್ತಲಿಗೆ ಹೋದೆವು. ಅಪ್ಪನೂ ಬಂದು ಹಿತ್ತಲ ಬಾಗಿಲಿಗೆ ಒರಗಿ ನಿಂತ. ಗೋಡೆಯ ಮೇಲೆ ಗೌಡ ಇರಲಿಲ್ಲ. ನನಗೆ ಎಲ್ಲಿದೆ ಎಂದು ಗೊತ್ತಿತ್ತು, ಬೆಳಿಗ್ಗೆಯಿಂದ ಅದು ಬಾರಿಗಿಡದ ಬುಡದಲ್ಲಿ ನೆಲ ಕೆರೆಯುತ್ತಿತ್ತು. ಹೇಳದೆ ನಿಂತೆ. ಮುತ್ಯಾನೇ ಕಂಡ. ತನ್ನಷ್ಟೇ ಅಗಲದ ತಗ್ಗು ತೋಡಿ, ಬಾಲದ ಕಡೆ ಒಳಗಿಟ್ಟು, ಮುಖ ಮೇಲೆತ್ತಿ ಗೌಡ ಕೂತಿದ್ದ. ಹೊಟ್ಟೆ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲಾಗುತ್ತಿತ್ತು. ಶೇಂಗಾ ಕಾಳಿನ ಗಾತ್ರದ ಬೆಳ್ಳನೆಯ ತತ್ತಿ ಒಂದರ ಹಿಂದೊಂದು ಮಣ್ಣಿಗೆ ಬೀಳುತ್ತಿದ್ದವು. ನಮ್ಮನ್ನು ನೋಡಿಯೂ ಅದು ಏಳಲಿಲ್ಲ. ಮುತ್ಯಾ ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ನಗಲು ಶುರುಮಾಡಿದ.

"ಅಕ್ಕಾ, ನಿಮ್ಮ ಗೌಡ ಹಡಿಯಾಕತ್ತಾನ."

ಆಯಿಯ ಮುಖ ಕಪ್ಪಿಟ್ಟಿತು. ಮುತ್ಯಾ ನಗು ನಿಲ್ಲಿಸಿ, ಮೀಸೆ ಒರೆಸಿಕೊಂಡು, ವ್ಯವಹಾರದ ದನಿಗೆ ಬಂದ.

"ನೀನ ಹೇಳಿದ ಗುರ್ತು ಇದು. ಗುರ್ತು ಹೆಣ್ಣ ಅನ್ನಾಕತ್ತೈತಿ. ಇನ್ನ ಯಾಕ ತಡಿಯೂದು? ಇದ ತಿಂಗಳದಾಗ ಅಕ್ಕಿಕಾಳ ಹಾಕಿ ಮದಿವಿ ಮುಗಸೂಣು."

ಆಯಿ ಮೂಲೆಯಲ್ಲಿದ್ದ ಕಳೆ ಕೀಳುವ ಕುರ್ಪಿ ತೆಗೆದುಕೊಂಡು ಬಾರಿಗಿಡದ ಕಡೆ ನಡೆದಳು. ನಾನು ಓಡಿಹೋಗಿ ಆ ತಗ್ಗಿನ ಎರಡೂ ಕಡೆ ಕಾಲಿಟ್ಟು ನಿಂತೆ. ನನ್ನ ಪರಕಾರದ ನೆರಳಿನಲ್ಲಿ ಅದು ತತ್ತಿ ಇಡುತ್ತಲೇ ಇತ್ತು.

"ಸರಿ ಅತ್ಲಾಗ. ನಿನಗ ಗೊತ್ತಿತ್ತೇನ ಇದು?"

"ಗೊತ್ತಿತ್ತು. ಹೇಳಿದ್ನಲ್ಲ. ಬೀಸಣಿಕಿ ಒಗದಿ."

ಆಗ ಬಿದ್ದದ್ದು ಆ ಏಟು. ಎಡಗಿವಿ ಗುಂಯ್ ಎಂದಿತು. ನಾನು ಅಳಲಿಲ್ಲ, ಜಾಗವನ್ನೂ ಬಿಡಲಿಲ್ಲ. ಕಾಲ ಕೆಳಗೆ ಅದು ತನ್ನ ಕೆಲಸ ಮುಗಿಸುವವರೆಗೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಆಯಿ ಇನ್ನೊಮ್ಮೆ ಕೈ ಎತ್ತುವಷ್ಟರಲ್ಲಿ ಅಡಿಗೆಮನೆಯಿಂದ ಅವ್ವ ಬಂದಳು. ತುಂಬಿದ ಹೊಟ್ಟೆ, ಕೈಯಲ್ಲಿ ಹಿಟ್ಟು. ಅತ್ತೆಯ ಎದುರು ಎಂದೂ ದನಿ ಎತ್ತದವಳು ಅವತ್ತೂ ದನಿ ಎತ್ತಲಿಲ್ಲ, ಆದರೆ ಸೆರಗು ತಲೆಯ ಮೇಲಿಂದ ಜಾರಿದ್ದನ್ನು ಸರಿಮಾಡಿಕೊಳ್ಳಲೂ ಇಲ್ಲ.

"ಕೈ ಇಳಸ್ರಿ ಅತ್ತಿ. ಆಕಿ ಖರೆ ಹೇಳ್ಯಾಳ. ಹಾಲಿನ ಆಸೇಕ ಸುಮ್ಕಿರು ಅಂತ ನಾನ ಹೇಳಿದ್ದೆ."

"ಅಂದ್ರ ನೀವ ತಾಯಿ ಮಗಳು ಕೂಡಿ ನನ್ನ ಹುಚ್ಚಿ ಮಾಡಿದ್ರಿ."

"ಹೌದ್ರಿ. ಇನ್ನ ಮಾಡೂದಿಲ್ಲ. ಒಂದ ಮಾತ ಕೇಳ್ತೇನಿ. ಹುಟ್ಟಿದ ಕೂಸಿಗಿ ಲಿಂಗಾ ಕಟ್ಟಾಕ ಬರು ಅಯ್ಯನವರು ಗಂಡೋ ಹೆಣ್ಣೋ ಕೇಳಿ ಕಟ್ತಾರೇನ್ರಿ? ನಿಮ್ಮ ಮಗನ ಕೊರಳಾಗ ಇದ್ದದ್ದ ನಿಮ್ಮ ಕೊರಳಾಗೂ ಐತಿ. ದೇವರು ಕೇಳದ್ದನ್ನ ನೀವ್ಯಾಕ ಕೇಳ್ತೀರಿ?"

ಆಯಿಯ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು, ಬೆಳ್ಳಿಯ ಆ ಸಣ್ಣ ಭರಣಿಯೊಳಗೆ ಆಕೆಯ ಲಿಂಗವಿತ್ತು. ಅವ್ವ ಮುತ್ಯಾನ ಕಡೆ ತಿರುಗಿದಳು.

"ನಿಮ್ಮ ಮಗಳ ಮ್ಯಾಲ ನನಗ ಸಿಟ್ಟಿಲ್ಲ ಮಾವಾ. ಆದ್ರ ನಾ ಈ ಮನಿ ಬಿಡಂಗಿಲ್ಲ, ಒಳಗಿನ ಖೋಲಿನೂ ಬಿಡಂಗಿಲ್ಲ. ಆಕಿ ಬರೂದಾದ್ರ ಹೊಸ್ತಲದಾಗ ನನ್ನ ದಾಟಿ ಬರಬೇಕು. ಹೇಳಿ ಕಳಸ್ರಿ ಆಕಿಗಿ."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಎಂದಿನಂತೆ ರುಮಾಲಿಗೆ ಕೈ ಹಾಕಿದ. "ಹಡೀಲಿ, ತಡೀರಿ" ಎಂದ, ಅಷ್ಟೇ ಹೇಳಿ ಒಳಗೆ ಹೋದ. ಆ ಮಾತನ್ನು ಆಯಿ ಒಂದು ರೀತಿ ಅರ್ಥ ಮಾಡಿಕೊಂಡಳು, ಮುತ್ಯಾ ಒಂದು ರೀತಿ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು. ಅಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಆಯಿಯ ಮೇಲೂ ಬಂದಿರಲಿಲ್ಲ, ಯಾಕೆಂದರೆ ಆಯಿಗೆ ಏನು ಬೇಕೆಂದು ಆಕೆಗೆ ಗೊತ್ತಿತ್ತು.

ಆ ಮಧ್ಯಾಹ್ನ ಗೌಡ ತಗ್ಗು ಮುಚ್ಚಿ, ಮೂಗಿನಿಂದ ಮಣ್ಣು ಒತ್ತಿ ಒತ್ತಿ ಸಮ ಮಾಡಿ, ಗೋಡೆ ಹತ್ತಿ ಹೋದಳು. ಹೌದು, ಹೋದಳು. ನಾನು ಮಾತ್ರ ಆ ಜಾಗದ ಮೇಲೆ ಮುಳ್ಳಿನ ಕೊಂಬೆ ಮುಚ್ಚಿ ದಿನಾ ಕಾದೆ. ಅವ್ವನಿಗೆ ಕೊಡುತ್ತಿದ್ದ ಹಾಲು ನಿಂತಿತು. ಕೀಲಿ ಮತ್ತೆ ಆಯಿಯ ಸೊಂಟದಲ್ಲಿ ಬಿಗಿಯಾಯಿತು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮುಳ್ಳಿನ ಕೆಳಗಿಂದ ಕಡ್ಡಿಯಂತಹ ಮರಿಗಳು ಎದ್ದು ನಾಲ್ಕೂ ಕಡೆ ಓಡಿದವು. ಎರಡು ಮೂರನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡಿದೆ. ಎಲ್ಲಕ್ಕೂ ಒಂದೇ ಮುಖ, ಒಂದೇ ಬಾಲ, ಒಂದೇ ಬಣ್ಣ. ಯಾವುದು ಗಂಡು ಯಾವುದು ಹೆಣ್ಣು ಎಂದು ನನಗೂ ತಿಳಿಯಲಿಲ್ಲ, ಅವು ದೊಡ್ಡವಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅಷ್ಟೆಲ್ಲ ಎದುರು ನಿಂತವಳು ನಾನೂ, ದೇವರ ಜಗಲಿಯ ಮುಂದೆ ಕಣ್ಣು ಮುಚ್ಚಿದಾಗ ಈ ಸಲ ಗಂಡಾಗಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಗಂಡು ಬೇಕೆಂದು ಅಲ್ಲ, ಅವ್ವನನ್ನು ಯಾರೂ ಸರಿಸಬಾರದೆಂದು. ಬೇಡಿಕೊಂಡು ಎದ್ದರೆ ನನ್ನ ಮೇಲೇ ನನಗೆ ರೇಗುತ್ತಿತ್ತು.

ಅವ್ವನಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಹತ್ತಿ ಹಿಂಜುವವರ ಮನೆಯ ಹುಸೇನಬಿ ನಮ್ಮ ಓಣಿಯ ಸೂಲಗಿತ್ತಿ, ಅವ್ವನ ಗೆಳತಿ. ಆಕೆ ಬಂದು ನಡುಮನೆಯ ಬಾಗಿಲು ಹಾಕಿಕೊಂಡಳು. ಆಯಿ ಎರಡು ದಿನ ಮೊದಲೇ ಹೇಳಿ ಕಳಿಸಿದ್ದರಿಂದ ಹುಕ್ಕೇರಿ ಮುತ್ಯಾ ಪಡಸಾಲೆಯಲ್ಲಿ ಕೂತಿದ್ದ, ಹೆಣ್ಣಾದರೆ ಅವತ್ತೇ ಮಾತು ಮುಗಿಸಿಕೊಂಡು ಹೋಗಲು. ಅಪ್ಪ ದನಗಳ ನಡುವೆ ನಿಂತಿದ್ದ. ಆಯಿ ಅಡಿಗೆಮನೆಯಿಂದ ಕಂಚಿನ ತಾಟು ತಂದು, ಅದರಲ್ಲಿ ಹಿತ್ತಾಳೆ ಸೌಟು ಇಟ್ಟು, ನಡುಮನೆಯ ಬಾಗಿಲ ಪಕ್ಕ ಇಟ್ಟುಕೊಂಡಳು. ಗಂಡು ಹುಟ್ಟಿದರೆ ತಾಟು ಬಡಿದು ಓಣಿಗೆ ತಿಳಿಸುವುದು ನಮ್ಮ ಮನೆಯ ರೂಢಿ. ಹೆಣ್ಣು ಹುಟ್ಟಿದರೆ ತಾಟು ಬಂದ ಹಾಗೇ ಒಳಗೆ ಹೋಗುತ್ತಿತ್ತು. ಮೂರು ಸಲ ಅದು ಹಾಗೆ ಸದ್ದಿಲ್ಲದೆ ಒಳಗೆ ಹೋಗಿದೆ, ಅದರಲ್ಲಿ ಒಂದು ಸಲ ನನಗಾಗಿ. ಒಳಗಿಂದ ಕೂಸಿನ ಅಳು ಕೇಳಿತು, ಗಟ್ಟಿ ಅಳು. ಹುಸೇನಬಿ ಬಾಗಿಲನ್ನು ಒಂದು ಗೇಣು ತೆರೆದಳು.

"ಹೆಣ್ಣ ಬಂದೈತ್ರಿ. ತಾಯಿ ಮಗಳು ಇಬ್ರೂ ಆರಾಮ ಅದಾರ."

ಪಾರವ್ವ ಸಾಕವ್ವನ ಕೈ ಹಿಡಿದುಕೊಂಡಳು. ಆಯಿ ನಿಟ್ಟುಸಿರು ಬಿಟ್ಟು, ತಾಟು ಒಳಗೆ ಒಯ್ಯಲು ಬಗ್ಗಿದಳು. ಆಕೆಗಿಂತ ಮೊದಲು ನನ್ನ ಕೈ ಹೋಯಿತು. ತಾಟು ಎತ್ತಿಕೊಂಡು, ಪಡಸಾಲೆಯ ಮೆಟ್ಟಿಲಿಳಿದು, ದನಗಳನ್ನು ದಾಟಿ, ಮುಂಬಾಗಿಲ ಹೊಸ್ತಿಲ ಮೇಲೆ ನಿಂತು ಬಡಿಯಲು ಶುರುಮಾಡಿದೆ. ನಮ್ಮ ಮನೆಯಲ್ಲಿ ಆ ಸದ್ದು ಹೇಗಿರುತ್ತದೆಂದು ನಾನು ಕೇಳಿದ್ದು ಅದೇ ಮೊದಲು. ಎಮ್ಮೆಗಳು ಬೆದರಿ ಎದ್ದವು. ಓಣಿಯ ಬಾಗಿಲುಗಳು ತೆರೆದವು, ಕೈಯಲ್ಲಿದ್ದ ಕೆಲಸ ಬಿಟ್ಟು ಹೆಂಗಸರು ಬಂದರು, ಎದುರು ಮನೆಯ ಮುದುಕ ಕೋಲೂರಿಕೊಂಡು ಬಂದ. ಎಲ್ಲರ ಮುಖದಲ್ಲೂ ನಗು. ಮುತ್ಯಾ ಕೂಡ ಎದ್ದು ಬಂದು ನನ್ನ ಹಿಂದೆ ನಿಂತ.

"ಅಂತೂ ಗಂಡ ಆತಲ್ಲ ಕಲ್ಲಪ್ಪಾ?" ಎಂದು ಮುದುಕ ಅಪ್ಪನನ್ನು ಕೇಳಿದ.

"ಗಂಡಲ್ಲ ಏನಲ್ಲ. ಹುಚ್ಚ ಹಿಡದೈತಿ ಹುಡುಗಿಗಿ. ಕಲ್ಲಪ್ಪಾ, ಕಸಕೋ ಆ ತಾಟ" ಎಂದು ಪಡಸಾಲೆಯಿಂದ ಆಯಿ ಕೂಗಿದಳು.

ಅಪ್ಪ ನನ್ನ ಕಡೆ ಬಂದ. ಕಸಿದುಕೊಳ್ಳುತ್ತಾನೆ ಎಂದೇ ತಿಳಿದು ನಾನು ಇನ್ನೂ ಜೋರಾಗಿ ಬಡಿದೆ. ಅವನು ನನ್ನ ಎದುರು ನಿಂತು, ಏಟು ತಿಂದಿದ್ದ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಕೈ ರುಮಾಲಿಗೆ ಹೋಗಲಿಲ್ಲ.

"ಹೆಣ್ಣ ಹುಟ್ಟೈತ್ರಿ" ಎಂದ ಓಣಿಯವರಿಗೆ. "ತಾಟ ಬಡ್ಯಾಕತ್ತಾಕಿನೂ ಹೆಣ್ಣ."

ಆಮೇಲೆ ಹುಕ್ಕೇರಿ ಮುತ್ಯಾನ ಕಡೆ ತಿರುಗಿದ.

"ಮಾವಾ, ನಮ್ಮ ಮನ್ಯಾಗ ಹೆಣ್ಮಕ್ಕಳು ತುಂಬ್ಯಾರ. ಇನ್ನೊಬ್ಬಾಕಿಗಿ ಜಾಗಾ ಇಲ್ರಿ. ನಿಮ್ಮ ಹುಡುಗಿಗಿ ಬ್ಯಾರೆ ಛಲೋ ಮನಿ ನೋಡ್ರಿ."

ಮುತ್ಯಾ ಅಪ್ಪನನ್ನು ನೋಡಿದ, ಆಯಿಯನ್ನು ನೋಡಿದ, ಚಪ್ಪಲಿ ಮೆಟ್ಟಿಕೊಂಡ. ಓಣಿಯವರು ನಗಬೇಕೋ ಹೋಗಬೇಕೋ ತಿಳಿಯದೆ ನಿಂತರು. ಆಯಿ ಮತ್ತೊಮ್ಮೆ ತಾಟು ಕಸಿದುಕೋ ಎಂದಳು. "ಬಡೀಲಿ ಬಿಡ ಯವ್ವಾ" ಎಂದ ಅಪ್ಪ. ನನ್ನ ತೋಳು ಸೋತಿತ್ತು, ಕೈ ಇಳಿಸಬೇಕೆಂದಿದ್ದೆ. ಅಷ್ಟರಲ್ಲಿ ನಡುಮನೆಯ ಬಾಗಿಲಿನಿಂದ ಹುಸೇನಬಿ ಓಡಿ ಬಂದಳು. ನಿಲ್ಲಿಸು ಎನ್ನಲು ಬಂದಳೆಂದುಕೊಂಡೆ.

"ನೀಲಾ, ನಿಮ್ಮವ್ವ ಹೇಳಿ ಕಳಸ್ಯಾಳ" ಎಂದಳು. "ಇನ್ನಷ್ಟ ಜೋರ ಬಡಿ ಅಂತ."